ಮಿಣಿ ಸರಿಸಿ ಕಟ್ಟಿದ ಸೈಕಲ್ಲು

ಗಂಡಸರ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂತು ಊರು ನೋಡಿದವನು ನಾನು. ಅಪ್ಪ ಆ ಕಂಬಿಗೆ ಟವೆಲ್ ಸುತ್ತಿ, ನನ್ನನ್ನು ಎತ್ತಿ ಕೂರಿಸಿ, ಪೆಡಲ್ಲಿನ ಮೇಲೆ ಎಡಗಾಲಿಟ್ಟು ನಾಲ್ಕು ಹೆಜ್ಜೆ ತಳ್ಳಿ, ಬಲಗಾಲನ್ನು ಕ್ಯಾರಿಯರಿನ ಮೇಲಿಂದ ಬೀಸಿ ಹತ್ತುತ್ತಿದ್ದ. ಒಂದು ಕ್ಷಣ ಸೈಕಲ್ಲು ವಾಲಿ ಆಮೇಲೆ ಸೀದಾ ಆಗುತ್ತಿತ್ತು. ಎರಡು ಕಡೆ ಅವನ ತೋಳು, ನೆತ್ತಿಯ ಮೇಲೆ ಅವನ ಉಸಿರು, ಎದುರಿಗೆ ಮಿಡಿಗೇಶಿ ಬೆಟ್ಟ. ಬೋಳು ಬಂಡೆ, ಅದರ ಮೈಗೆ ಅಂಟಿಕೊಂಡಂತೆ ಹತ್ತಿಹೋದ ಕೋಟೆಗೋಡೆ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಒಬ್ಬ ಹೆಣ್ಣುಮಗಳಿಂದ ಊರಿಗೆ ಈ ಹೆಸರು ಬಂತು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಆ ಕತೆಯನ್ನು ನಾನು ಮೊದಲು ಕೇಳಿದ್ದು ಆ ಕಂಬಿಯ ಮೇಲೆ ಕೂತೇ.

ಅಪ್ಪನಿಗೆ ಅರವತ್ತೇಳು ತುಂಬಿದ ವರ್ಷ ಅವನ ಬಲಮೊಣಕಾಲು ಮಾತು ಕೇಳದಾಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಜಗಲಿಯ ಪಕ್ಕ ಸೈಕಲ್ಲು ಹಿಡಿದು ನಿಂತಿದ್ದಾನೆ. ಕಾಲೆತ್ತಿದ, ಕ್ಯಾರಿಯರಿನ ಮಟ್ಟಕ್ಕೆ ಬರಲಿಲ್ಲ. ಜಗಲಿಯ ಮೇಲೆ ನಿಂತು ಎತ್ತಿದ, ಆಗಲೂ ಬರಲಿಲ್ಲ. ಮೂರನೇ ಸಲ ಪ್ರಯತ್ನ ಮಾಡಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅದರ ಸೀಟನ್ನು ಹೆಗಲ ಟವೆಲ್ಲಿನಿಂದ ಒರೆಸಿ, ಕೊಟ್ಟಿಗೆಯೊಳಕ್ಕೆ ಹೋದ. ಅಲ್ಲಿಂದ ಈಚೆಗೆ ಬಂದಾಗ ಅವನ ಕೈಯಲ್ಲಿ ನನ್ನ ತಂಗಿಯ ಸೈಕಲ್ಲಿತ್ತು.

ಆ ಸೈಕಲ್ಲಿನ ಕತೆಯನ್ನೂ ಹೇಳಬೇಕು. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ತಂಗಿಗೆ ಸಿಕ್ಕಿದ್ದು 2009ರಲ್ಲಿ. ನಮ್ಮ ಹಳ್ಳಿಯಿಂದ ಮಿಡಿಗೇಶಿಯ ಹೈಸ್ಕೂಲಿಗೆ ಐದು ಕಿಲೋಮೀಟರು. ಸೀಟಿನ ಪ್ಲಾಸ್ಟಿಕ್ ಕವರ್ ಹರಿಯದ ಸೈಕಲ್ಲನ್ನು ಅವಳು ಅಷ್ಟೂ ದೂರ ತಳ್ಳಿಕೊಂಡೇ ತಂದಳು, ಓಡಿಸಲು ಬರುತ್ತಿರಲಿಲ್ಲ. ಆ ಭಾನುವಾರ ಕಣದಲ್ಲಿ ಅಪ್ಪ ಕ್ಯಾರಿಯರ್ ಹಿಡಿದು ಅವಳ ಹಿಂದೆ ಓಡಿದ. ಗಂಡುಹುಡುಗರಾದ ನಾವು ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು, ಮಂಡಿ ಕೆತ್ತಿಸಿಕೊಂಡು ಕಲಿತಿದ್ದೆವು. ಅವಳಿಗೆ ಆ ಪಾಡು ಇರಲಿಲ್ಲ. ಲೇಡೀಸ್ ಸೈಕಲ್ಲಿನ ಕಂಬಿ ಬಾಗಿ ಕೆಳಗಿಳಿದಿರುತ್ತದೆ, ಲಂಗದ ಹುಡುಗಿ ಹೊಸ್ತಿಲು ದಾಟುವ ಹಾಗೆ ದಾಟಿ ಕೂರಬಹುದು. ಆ ವರ್ಷದಿಂದ ಬೆಳಿಗ್ಗೆ ಎಂಟೂವರೆಗೆ ನಮ್ಮ ದಾರಿಯಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು ಹೊರಡುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಡಬೇಕಾಗಿದ್ದ ಇಬ್ಬರು ಹುಡುಗಿಯರು ಆ ಸಾಲಿನಲ್ಲಿದ್ದರು. ತಂಗಿ ಈಗ ತುಮಕೂರಿನಲ್ಲಿ ನರ್ಸು.

ಮಗಳಿಗೆ ಲಂಗದ ದೆಸೆಯಿಂದ ಒದಗಿದ್ದು ಅಪ್ಪನಿಗೆ ಮೊಣಕಾಲಿನ ದೆಸೆಯಿಂದ ಒದಗಿತು. ಕಾಲನ್ನು ಒಂದಡಿ ಎತ್ತಿದರೆ ಸಾಕು, ಕಂಬಿಯ ಆಚೆ. ನಮ್ಮ ಕಡೆ ವಯಸ್ಸಾದ ಎಷ್ಟೋ ಗಂಡಸರು ಹೀಗೆ ಮಕ್ಕಳು ಓದಿ ಬಿಟ್ಟ ಸೈಕಲ್ಲನ್ನು ಹತ್ತಿದ್ದಾರೆ. ಮುಂದಿನ ಬುಟ್ಟಿಯಲ್ಲಿ ಹಿಂದೆ ಪುಸ್ತಕದ ಚೀಲ ಇರುತ್ತಿತ್ತು, ಈಗ ಕುಡುಗೋಲು, ಬುತ್ತಿ.

ಈ ಸೈಕಲ್ಲಿನ ಆಕಾರಕ್ಕೆ ದೂರದೇಶದಲ್ಲಿ ಒಬ್ಬ ಅಣ್ಣನಿದ್ದಾನೆ. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ ದಪ್ಪ ಬಲೂನ್ ಟೈರಿನ ಸೈಕಲ್ಲು ತಂದಿತು. ಆ ವಂಶವೇ ಮುಂದೆ ಕ್ರೂಸರ್ ಎನ್ನಿಸಿಕೊಂಡಿತು. ಸವಾರನ ಕಡೆಗೆ ಬಾಗಿ ಬಂದ ಹ್ಯಾಂಡಲ್ಲು, ಅಗಲ ಸೀಟು, ನೆಟ್ಟಗೆ ಕೂರುವ ಬೆನ್ನು, ಉಕ್ಕಿನ ಮೈ. ಟೈರು ಸಣ್ಣದು ಎನ್ನುವುದೊಂದು ಬಿಟ್ಟರೆ ನಮ್ಮ ಶಾಲೆಯ ಸೈಕಲ್ಲೂ ಹಾಗೇ. ಎರಡೂ ಓಟಕ್ಕೆ ಹುಟ್ಟಿದವಲ್ಲ, ಮಾತಾಡಿಕೊಂಡು ಹೋಗಲು ಹುಟ್ಟಿದವು. ಈ ಜಾತಿಯ ಸೈಕಲ್ಲಿಗೆ ಒಂದು ಕೊರತೆ ಇದೆ. ನೆಟ್ಟಗೆ ಕೂತವನ ಎದೆ ಗಾಳಿಗೆ ತೆರೆದಿರುತ್ತದೆ.

ಗಾಳಿ ಎಂದರೆ ನಮ್ಮಲ್ಲಿ ಆಷಾಢದ ಗಾಳಿ. ಮಧುಗಿರಿಯಿಂದ ಪಾವಗಡದವರೆಗೆ ಮರ ಕಡಿಮೆ, ಬಯಲು ಜಾಸ್ತಿ. ಮಳೆ ತರದ ಪಡುವಣ ಗಾಳಿ ಇಡೀ ತಿಂಗಳು ಬೀಸುತ್ತದೆ. ನಮ್ಮ ಹೊಲ ಊರಿನ ಪಡುವಲಿಗೆ ಆರು ಕಿಲೋಮೀಟರು, ಬೆಳಿಗ್ಗೆ ಹೋಗುವಾಗ ಪೂರಾ ಎದುರುಗಾಳಿ. ಗಾಳಿಯ ಲೆಕ್ಕ ಕಠಿಣ. ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಿಂದಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹದಿಹರೆಯದವನು ಸೀಟಿನಿಂದೆದ್ದು ತುಳಿದು ಅದನ್ನು ಗೆಲ್ಲಬಹುದು. ಮೊಣಕಾಲಿನ ಮೃದ್ವಸ್ಥಿ ಸವೆದವನು ಇಳಿದು ತಳ್ಳಬೇಕು. ಅಪ್ಪ ತಳ್ಳಿಕೊಂಡೇ ಹೋಗುತ್ತಿದ್ದ. ಬೋರಿಗೆ ತ್ರೀ ಫೇಸ್ ಕರೆಂಟು ಬರುವುದು ಅದರ ಹೊತ್ತಿಗೆ, ಅಪ್ಪ ಹೊಲ ಮುಟ್ಟುವುದು ಅವನ ಹೊತ್ತಿಗೆ. ನೀರು ಹಾಯಿಸುವ ಒಂದು ಗಂಟೆ ದಾರಿಯಲ್ಲೇ ಕಳೆದುಹೋಗುತ್ತಿತ್ತು.

"ಟಿವಿಎಸ್ ತಗೊಡ್ತೀನಪ್ಪ" ಎಂದೆ. "ಈ ವಯಸ್ಸಲ್ಲಿ ಲೈಸೆನ್ಸ್ ಮಾಡಿಸ್ಲಾ?" ಎಂದ. ಆಟೋದಲ್ಲಿ ಹೋಗು ಎಂದೆ. ಮಾತೇ ಆಡಲಿಲ್ಲ. ತುಮಕೂರಿನಿಂದ ತಂಗಿ ಫೋನ್ ಮಾಡಿ, "ಅಣ್ಣ, ಅದೇ ಸೈಕಲ್ಲಿಗೆ ಮೋಟಾರ್ ಹಾಕ್ಸು, ಅರ್ಧ ದುಡ್ಡು ನಂದು" ಎಂದಳು.

ಸೈಕಲ್ಲಿಗೆ ಮೋಟಾರು ಹಾಕುವ ಆಲೋಚನೆ ಹೊಸದಲ್ಲ. ಆಗ್ಡೆನ್ ಬೋಲ್ಟನ್ ಎಂಬ ಅಮೆರಿಕದವನು 1895ರ ಡಿಸೆಂಬರ್ 31ರಂದು ಅದಕ್ಕೆ ಪೇಟೆಂಟ್ ಪಡೆದ. ಅವನ ಚಿತ್ರದಲ್ಲಿ ಮೋಟಾರು ಹಿಂದಿನ ಚಕ್ರದ ಹೊಟ್ಟೆಯೊಳಗಿದೆ, ಬ್ಯಾಟರಿ ಅಡ್ಡಕಂಬಿಗೆ ನೇತಾಡುತ್ತಿದೆ. ನಮ್ಮ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಲು ಇನ್ನೂ ಏಳು ವರ್ಷವಿತ್ತು. ನೂರಮೂವತ್ತು ವರ್ಷದ ಹಿಂದೆಯೇ ಹೊಳೆದ ವಿಚಾರ ನಮ್ಮ ಅಂಗಳಕ್ಕೆ ಇಷ್ಟು ತಡವಾಗಿ ಬಂದದ್ದು ಬ್ಯಾಟರಿಯ ದೆಸೆಯಿಂದ. ಮೋಟಾರು ಅಂದಿಗೇ ತಯಾರಿತ್ತು, ಹೊರಲಾಗುವಷ್ಟು ಹಗುರವಾದ ಬ್ಯಾಟರಿ ಇರಲಿಲ್ಲ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಗಲ್ಲಿಗಳಲ್ಲಿ ಒಂದು ದಿನ ಅಲೆದು ಮುಂದಿನ ಚಕ್ರದ ನಡುವೆ ಕೂರುವ 36 ವೋಲ್ಟಿನ 250 ವ್ಯಾಟ್ ಮೋಟಾರು, ಕಂಟ್ರೋಲರು, ವೈರುಗಳ ಗಂಟು ತಂದೆ. ಇದಕ್ಕಿಂತ ದೊಡ್ಡ ಮೋಟಾರನ್ನು ಬೇಡವೆಂದದ್ದು ಯೋಚಿಸಿಯೇ. ಇಷ್ಟು ಸಣ್ಣ ಮೋಟಾರಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ವಾಹನವನ್ನು ನಮ್ಮ ನಿಯಮಗಳು ಮೋಟಾರು ವಾಹನದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲದೆ ಆರೋಗ್ಯವಂತ ಮನುಷ್ಯ ಗಂಟೆಗಟ್ಟಲೆ ತುಳಿಯುವಾಗ ಕೊಡುವ ಶಕ್ತಿ ನೂರು ವ್ಯಾಟಿನ ಆಚೀಚೆ. ಎರಡೂವರೆ ಆಳಿನ ಬಲ ಅಪ್ಪನ ಜೊತೆಗಿದ್ದರೆ ಆಷಾಢಕ್ಕೂ ಸಾಕು.

ಮಿಡಿಗೇಶಿಯ ನಮ್ಮ ಸೈಕಲ್ ಶಾಪಿನ ಯಜಮಾನರು ಮೋಟಾರನ್ನು ಕೈಗೆತ್ತಿಕೊಂಡು ತೆಂಗಿನಕಾಯಿ ನೋಡುವ ಹಾಗೆ ತಿರುಗಿಸಿ ನೋಡಿದರು. ಆಮೇಲೆ ತೂತುಗಳನ್ನು ಎಣಿಸತೊಡಗಿದರು. ನಮ್ಮ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಮೋಟಾರಿನ ಅಂಚಿನಲ್ಲಿ 36 ತೂತು. "ಹಳೇ ರಿಮ್ಮು ಆಗಲ್ಲ ಕಣಪ್ಪ. ಮೂವತ್ತಾರರ ರಿಮ್ ಹಾಕಿ ಹೊಸದಾಗಿ ಕಡ್ಡಿ ಕಟ್ಬೇಕು" ಎಂದರು. ಮೋಟಾರಿನ ಹೊಟ್ಟೆ ದೊಡ್ಡದಾದ್ದರಿಂದ ಅಂಗಡಿಯ ಕಡ್ಡಿಗಳೆಲ್ಲ ಉದ್ದವಾದವು. ಒಂದೊಂದನ್ನೂ ಕತ್ತರಿಸಿ ತುದಿಗೆ ಮರೆ ಹಾಕಿಸಬೇಕಾಯಿತು. ಅವರು ಕಡ್ಡಿ ಕಟ್ಟುವುದನ್ನು ನಾನು ಅರ್ಧ ದಿನ ಕೂತು ನೋಡಿದೆ. ಒಳಗಿನಿಂದ ಒಂದು, ಹೊರಗಿನಿಂದ ಒಂದು, ಎರಡರ ಮೇಲೆ ದಾಟಿ ಮೂರನೆಯದರ ಕೆಳಗೆ. ಬೀಡಿ ಆರಿಹೋದದ್ದು ಗೊತ್ತಿಲ್ಲದೆ ತುಟಿಯಲ್ಲೇ ಇತ್ತು. ಎಲ್ಲ ಕಟ್ಟಿ ಮುಗಿದ ಮೇಲೆ ಚಕ್ರವನ್ನು ತಿರುಗಿಸಿ, ಸೀಮೆಸುಣ್ಣವನ್ನು ರಿಮ್ಮಿನ ಹತ್ತಿರ ಹಿಡಿದರು. ಬೆಂಡಾಗಿದ್ದ ಕಡೆ ಮಾತ್ರ ಸುಣ್ಣ ತಾಗಿತು. ಅಲ್ಲಿ ಸುಣ್ಣ ತಾಗಿದ ಬದಿಯ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ, ಅದರ ಎದುರು ಬದಿಯದನ್ನು ಕಾಲು ಸುತ್ತು ಬಿಗಿದರು. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿದರು. ಮೂವತ್ತಾರೂ ಹೆಚ್ಚುಕಡಿಮೆ ಒಂದೇ ಸ್ವರ. ಅವರಿಗೆ ವ್ಯಾಟು ವೋಲ್ಟಿನ ಪರಿಚಯವಿಲ್ಲ. ಅವರ ಬೆರಳಿಲ್ಲದಿದ್ದರೆ ಆ ವ್ಯಾಟು ವೋಲ್ಟುಗಳಿಗೆ ನಮ್ಮ ದಾರಿಯ ಗುಂಡಿಯಲ್ಲಿ ನಿಲ್ಲಲು ನೆಲೆಯಿರುತ್ತಿರಲಿಲ್ಲ.

ಮೋಟಾರಿನ ಆಕ್ಸಲ್ಲು ದಪ್ಪ, ಫೋರ್ಕಿನ ಬಾಯಿ ಸಣ್ಣದು. ಅರದಿಂದ ಉಜ್ಜಿ ಬಾಯಿ ಅಗಲ ಮಾಡಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಆಕ್ಸಲ್ಲು ಹಿಂದಕ್ಕೆ ತಿರುಗಲು ಒದ್ದಾಡುತ್ತದೆ. ಬಿಗಿ ಸಡಿಲವಾದರೆ ಫೋರ್ಕಿನ ಬಾಯನ್ನೇ ಸೀಳಿಕೊಂಡು ಹೊರಬರುತ್ತದೆ, ಓಡುವ ಸೈಕಲ್ಲಿನ ಮುಂದಿನ ಚಕ್ರ ಕಳಚುತ್ತದೆ. ಹಾಗಾಗಿ ದಪ್ಪ ಉಕ್ಕಿನ ಪಟ್ಟಿಯಿಂದ ಎರಡು ಹಿಡಿಗಳನ್ನು ಮಾಡಿಸಿ, ಒಂದು ತುದಿಯನ್ನು ಆಕ್ಸಲ್ಲಿನ ಚಪ್ಪಟೆ ಮುಖಕ್ಕೆ ಕಚ್ಚಿಸಿ, ಇನ್ನೊಂದನ್ನು ಫೋರ್ಕಿನ ಕಾಲಿಗೆ ಬಿಗಿದೆವು. ಹಳೇ ಸೈಕಲ್ಲಿನ ಉಕ್ಕಿನ ಫೋರ್ಕು ಇಂಥ ಎಳೆತವನ್ನು ತಡೆಯುತ್ತದೆ. ಅಲ್ಯೂಮಿನಿಯಮ್ಮಿನದಾಗಿದ್ದರೆ ಮುಂದಿನ ಚಕ್ರಕ್ಕೆ ಮೋಟಾರು ಹಾಕಲು ನಾನು ಒಪ್ಪುತ್ತಿರಲಿಲ್ಲ. ಕಂಬಿ ಬ್ರೇಕು ಹೊಸ ರಿಮ್ಮಿಗೆ ಕೂರಲಿಲ್ಲವಾದ್ದರಿಂದ ಮುಂದೆ ವೈರಿನ ಬ್ರೇಕು ಬಂತು. ಅದನ್ನು ಹಿಡಿದರೆ ಮೋಟಾರು ತಾನೇ ನಿಲ್ಲುವ ಹಾಗೆ ಒಂದು ಸ್ವಿಚ್ಚು.

ಎಲ್ಲಕ್ಕಿಂತ ಸತಾಯಿಸಿದ್ದು ಕಾಟರ್ ಪಿನ್ನು. ಪೆಡಲ್ ತುಳಿಯುತ್ತಿದ್ದಾರೋ ಇಲ್ಲವೋ ಎಂದು ಮೋಟಾರಿಗೆ ತಿಳಿಯಬೇಕಲ್ಲ, ಅದಕ್ಕೊಂದು ಬಿಲ್ಲೆಯಿದೆ. ಅದರ ಸುತ್ತ ಹನ್ನೆರಡು ಪುಟ್ಟ ಆಯಸ್ಕಾಂತ. ಪೆಡಲ್ ಸುತ್ತಿದರೆ ಬಿಲ್ಲೆ ಸುತ್ತುತ್ತದೆ, ಪಕ್ಕದ ಸೆನ್ಸರು ಆಯಸ್ಕಾಂತಗಳ ಓಟವನ್ನು ಅರಿತು ಕಂಟ್ರೋಲರಿಗೆ ಹೇಳುತ್ತದೆ. ಅದನ್ನು ತೊಡಿಸಲು ಪೆಡಲಿನ ತೋಳು ಬಿಚ್ಚಬೇಕು, ತೋಳು ಬಿಚ್ಚಲು ಕಾಟರ್ ಪಿನ್ನು ಹೊರಬರಬೇಕು. 2009ರಿಂದ ಮಳೆ, ಸಗಣಿ, ಧೂಳು ಕುಡಿದ ಪಿನ್ನು ತೋಳಿನ ಜೊತೆ ಒಂದಾಗಿಹೋಗಿತ್ತು. ಯಜಮಾನರು ಸುತ್ತಿಗೆ ಎತ್ತಿದವರು ಇಳಿಸಿ, ಬಟ್ಟೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಪಿನ್ನಿಗೆ ಸುತ್ತಿದರು. "ರಾತ್ರಿ ಇರ್ಲಿ. ಬಲವಂತ ಮಾಡಿದ್ರೆ ಮುರೀತೈತೆ" ಎಂದರು. ಬೆಳಿಗ್ಗೆ ಎರಡೇ ಏಟಿಗೆ ಬಂತು.

ಬ್ಯಾಟರಿಯ ಪಾಠವನ್ನು ನಾನು ಎರಡು ಸಲ ಓದಬೇಕಾಯಿತು. ಮೊದಲು ದುಡ್ಡು ಉಳಿಸಲು ಯುಪಿಎಸ್ಸಿನ 12 ವೋಲ್ಟಿನ ಸೀಸದ ಬ್ಯಾಟರಿ ಮೂರನ್ನು ಸಾಲಾಗಿ ಜೋಡಿಸಿದೆ. ಏಳು ಕೆಜಿ ತೂಕ. ಸೀಸದ ಬ್ಯಾಟರಿಯನ್ನು ಪದೇಪದೇ ತಳದವರೆಗೆ ಇಳಿಸಿದರೆ, ಇಳಿದದ್ದನ್ನು ಹಾಗೇ ಬಿಟ್ಟರೆ ಅದರ ತಟ್ಟೆಗಳ ಮೇಲೆ ಸಲ್ಫೇಟಿನ ಹರಳು ಕಟ್ಟುತ್ತದೆ. ನಮ್ಮದು ಆರು ತಿಂಗಳಿಗೆ ಕೂತಿತು. ಎರಡನೆಯದು ಲಿಥಿಯಂ ಕಬ್ಬಿಣ ಫಾಸ್ಫೇಟಿನದು. 3.2 ವೋಲ್ಟಿನ ಹನ್ನೆರಡು ಕೋಶಗಳ ಸಾಲು, 38.4 ವೋಲ್ಟು, 10 ಆಂಪಿಯರ್ ಗಂಟೆ, ನಾಲ್ಕು ಕೆಜಿ. ಇದರಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬಿಸಿಲಿಗೂ ಬಿಸಿಗೂ ಬೇಗ ಕೆರಳುವುದಿಲ್ಲ, ನಮ್ಮಂಥ ಸೀಮೆಗೆ ಹೇಳಿ ಮಾಡಿಸಿದ್ದು. ಈ ವಸ್ತುವನ್ನು ಲೋಕಕ್ಕೆ ತೋರಿಸಿದ 1997ರ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರು 2019ರಲ್ಲಿ ನೊಬೆಲ್ ಪಡೆದರು. ನಡುವಿನ ಹೆಸರನ್ನು ಓದಿದ ದಿನ ನಾನು ಅಪ್ಪನಿಗೆ ಹೇಳಿದೆ. "ನಂಜುಂಡಸ್ವಾಮಿ ಅಂತಾನಾ?" ಎಂದು ಎರಡು ಸಲ ಕೇಳಿ, ಬ್ಯಾಟರಿಯ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ.

ಚಾರ್ಜು ಮಾಡಲು ಅರ್ಧ ಯೂನಿಟ್ಟೂ ಹಿಡಿಯುವುದಿಲ್ಲ. ಅಪ್ಪನ ತುಳಿತವೂ ಸೇರಿ ನಲವತ್ತು ಕಿಲೋಮೀಟರ್ ಬರುತ್ತದೆ, ಮೂರು ದಿನದ ಹೊಲದ ದಾರಿ. ಆ ಕರೆಂಟು ಎಲ್ಲಿಯದು ಎಂದು ಅವನು ಕೇಳಿದಾಗ ಪಾವಗಡದ ಸೋಲಾರ್ ಪಾರ್ಕ್ ನೆನಪಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ 13,000 ಎಕರೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವ್ಯಾಟಿಗೆ ಮುಟ್ಟಿದ್ದು. ಅಪ್ಪನ ಮೋಟಾರಿನಂಥವನ್ನು ಜೋಡಿಸಿದರೆ ಅದು 82 ಲಕ್ಷ ಸೈಕಲ್ಲಿನ ಬಲ. ನಮ್ಮ ಮನೆಯ ಪ್ಲಗ್ಗಿಗೆ ಬಂದದ್ದು ಅಲ್ಲಿನದೇ ಎಂದು ಬೆರಳಿಟ್ಟು ತೋರಿಸಲಾಗದು. ಹಲವು ಹಳ್ಳದ ನೀರು ಕೆರೆಗೆ ಬಿದ್ದ ಮೇಲೆ ತೂಬಿನಲ್ಲಿ ಹರಿದದ್ದು ಯಾವ ಹಳ್ಳದ್ದು ಎಂದು ಯಾರು ಹೇಳುತ್ತಾರೆ? ಆದರೂ ಬೆಳೆ ಸುಡುತ್ತಿದ್ದ ನಮ್ಮ ಬಿಸಿಲು ಆ ಕೆರೆಗೆ ಸೇರಿದೆ ಎನ್ನುವುದು ನಿಜ.

ಆ ಪಾರ್ಕಿಗೆ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆದರು. ಮಳೆ ನಂಬಿ ಶೇಂಗಾ ಬಿತ್ತಿ ಸೋತವರಿಗೆ ಅದು ದೊಡ್ಡ ಆಸರೆ. ಅಪ್ಪನ ಸ್ನೇಹಿತರೊಬ್ಬರು ಆ ಕಡೆಯವರು, ಜಮೀನು ಕೊಟ್ಟವರು. ಒಂದು ಶನಿವಾರ ಪಾವಗಡದ ಶನೈಶ್ಚರ ದೇವಸ್ಥಾನದಲ್ಲಿ ಸಿಕ್ಕಿದಾಗ ಹೇಳಿದರಂತೆ: "ದುಡ್ಡು ತಪ್ಪದೆ ಬರ್ತದೆ. ಬೆಳಗಾದ್ರೆ ಎಲ್ಲಿಗೆ ಹೋಗ್ಬೇಕು ಅನ್ನೋದೇ ತಿಳಿಯಲ್ಲ." ಅಪ್ಪ ಆ ಮಾತನ್ನು ಮನೆಗೆ ತಂದು ಬಹಳ ದಿನ ಇಟ್ಟುಕೊಂಡಿದ್ದ.

ಸೈಕಲ್ಲು ತಯಾರಾದ ದಿನ ನಾನು ಅಪ್ಪನಿಗೆ ಮೊದಲು ತೋರಿಸಿದ್ದು ಹ್ಯಾಂಡಲ್ಲಿನ ಎಕ್ಸಿಲರೇಟರು. ತಿರುವಿದರೆ ತುಳಿಯದೆಯೇ ಹೋಗುತ್ತದೆ. ಕಣದಲ್ಲಿ ಒಂದು ಸುತ್ತು ಹೋಗಿಬಂದ. "ಇದು ಬ್ಯಾಡ, ಬಿಚ್ಚಾಕು" ಎಂದ. ಆಮೇಲೆ ಪೆಡಲ್ಲಿಗೆ ಹೊಂದಿಕೊಂಡು ಬಲ ಕೊಡುವ ಬಗೆ ತೋರಿಸಿದೆ. ಒಂದು, ಎರಡು, ಮೂರು ಎಂಬ ಮೂರು ಮೆಟ್ಟಿಲು. ನೀನು ತುಳಿದರೆ ಅದೂ ದುಡಿಯುತ್ತದೆ, ನೀನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ ಎಂದೆ. ಈ ಸಲ ಕಣ ದಾಟಿ, ಬೇಲಿ ದಾಟಿ, ಕೆರೆ ಏರಿಯವರೆಗೆ ಹೋಗಿ ಬಂದ. ಇಳಿದವನು ಮುಂದಿನ ಚಕ್ರದ ಹತ್ತಿರ ಕೂತು ಮೋಟಾರನ್ನು ಮುಟ್ಟಿ ನೋಡಿದ.

"ಇದು ತಳ್ಳಲ್ಲ ಕಣ್ಲಾ, ಎಳೀತೈತೆ" ಎಂದ. "ಜೋಡಿ ಎತ್ತು ಇದ್ದಂಗೆ."

ನನ್ನ ತಲೆಯಲ್ಲಿ ಅಷ್ಟು ದಿನ ಇದ್ದದ್ದು ಬೇರೆ ಚಿತ್ರ. ಕಣದಲ್ಲಿ ತಂಗಿಯ ಕ್ಯಾರಿಯರ್ ಹಿಡಿದು ಓಡಿದ ಅಪ್ಪನ ಕೈಯಂತೆ ಈ ಮೋಟಾರು ಹಿಂದಿನಿಂದ ನೂಕುವ ಕೈ ಎಂದುಕೊಂಡಿದ್ದೆ. ಅಪ್ಪ ಅದನ್ನು ಹೊಲದಿಂದ ನೋಡಿದ. ಉಳುವವರಿಗೆ ಗೊತ್ತಿರುವ ಒಂದು ಉಪಾಯವಿದೆ. ಜೋಡಿಯಲ್ಲಿ ಒಂದು ಎತ್ತು ಬಲವಾದದ್ದು, ಇನ್ನೊಂದು ಸೋತದ್ದು ಎಂದಿಟ್ಟುಕೊಳ್ಳಿ. ನೊಗವನ್ನು ನೇಗಿಲಿನ ಈಸಿಗೆ ಕಟ್ಟುವ ಮಿಣಿಯನ್ನು ನಟ್ಟನಡುವೆ ಬಿಗಿದರೆ ಎರಡಕ್ಕೂ ಸಮಪಾಲು ಭಾರ, ಸೋತದ್ದು ಹಿಂದೆ ಬೀಳುತ್ತದೆ. ಮಿಣಿಯನ್ನು ನಾಲ್ಕು ಬೆರಳು ಬಲವಾದ ಎತ್ತಿನ ಕಡೆ ಸರಿಸಿದರೆ ಅದರ ಪಾಲು ಹೆಚ್ಚುತ್ತದೆ, ಸೋತ ಎತ್ತಿನ ಕಡೆ ನೊಗ ಉದ್ದವಾಗಿ ಅದರ ಪಾಲು ಇಳಿಯುತ್ತದೆ. ಎರಡೂ ಒಂದೇ ಸಾಲಿನಲ್ಲಿ ನಡೆಯುತ್ತವೆ. ತಕ್ಕಡಿಯ ಲೆಕ್ಕವೇ ಅದು, ನಮ್ಮವರು ಅದನ್ನು ಹೆಗಲಿನಿಂದ ಕಲಿತಿದ್ದರು.

"ಮುದಿ ಎತ್ತನ್ನ ಬಿಚ್ಚಿ ಕೊಟ್ಟಿಗೇಲಿ ಕಟ್ಟಾಕಿದ್ರೆ ಮೂರು ತಿಂಗಳಿಗೆ ಕಾಲು ಹಿಡ್ಕಂಡು ಕೂತ್ಕಂತೈತೆ" ಎಂದ ಅಪ್ಪ. "ಮಿಣಿ ಸರಿಸಿ ಕಟ್ಟು, ಇನ್ನೂ ನಾಲ್ಕು ವರ್ಷ ಉಳ್ತೈತೆ."

ಅವನು ಎಕ್ಸಿಲರೇಟರನ್ನು ಯಾಕೆ ಬೇಡವೆಂದ, ಆಟೋ ಎಂದಾಗ ಯಾಕೆ ಮಾತಾಡಲಿಲ್ಲ, ಸ್ನೇಹಿತರ ಮಾತನ್ನು ಯಾಕೆ ಅಷ್ಟು ದಿನ ಒಳಗಿಟ್ಟುಕೊಂಡಿದ್ದ ಎಂಬುದೆಲ್ಲ ನನಗೆ ಆಗ ಕೂಡಿಬಂತು. ವಯಸ್ಸಾದವರಿಗೆ ನಾವು ಸಹಾಯ ಎಂದು ಮಾಡುವುದರಲ್ಲಿ ಬಹುಪಾಲು ನೊಗ ಬಿಚ್ಚುವ ಕೆಲಸ. ನೀನು ಕೂತಿರು, ನಾವು ಮಾಡುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಅವರಿಗೆ ಬೇಕಾದದ್ದು ನಾಲ್ಕು ಬೆರಳಿನಷ್ಟು ಮಿಣಿ ಸರಿಸುವ ಸಹಾಯ, ಸಾಲಿನಲ್ಲಿ ನಡೆಯುತ್ತಲೇ ಇರುವಂಥದ್ದು. ಯಂತ್ರಗಳನ್ನು ಮಾಡುವವರೂ ಈ ಮಾತನ್ನು ಕೇಳಿಸಿಕೊಂಡರೆ ಒಳ್ಳೆಯದು ಎಂದು ನನಗೆ ಮನಸಾರೆ ಅನ್ನಿಸುತ್ತದೆ. ಮನುಷ್ಯನ ಕಾಲನ್ನು ಬದಿಗಿಡುವ ಯಂತ್ರಗಳು ಬೇಕಾದಷ್ಟಿವೆ, ಕಾಲಿನ ಜೊತೆ ಹೂಡುವವು ಕಡಿಮೆ.

ಹೋದ ಆಷಾಢವಿಡೀ ಅಪ್ಪ ಮೂರನೇ ಮೆಟ್ಟಿಲಿನಲ್ಲಿ ಹೊಲಕ್ಕೆ ಹೋದ. ತ್ರೀ ಫೇಸ್ ಬರುವ ಮೊದಲೇ ಬೋರಿನ ಹತ್ತಿರ ಇರುತ್ತಿದ್ದ. ಶ್ರಾವಣದಲ್ಲಿ ಗಾಳಿ ಇಳಿದು ನಾಲ್ಕು ಹದಮಳೆ ಬಿದ್ದವು. ಗೌರಿಹಬ್ಬಕ್ಕೆ ತಂಗಿ ಬಂದಿದ್ದಳು. ಬೆಳಿಗ್ಗೆ ಸೈಕಲ್ಲು ಒರೆಸುತ್ತಾ ಅವಳು ಹ್ಯಾಂಡಲ್ಲಿನ ಗುಂಡಿ ನೋಡಿ, "ಅಪ್ಪ, ಎರಡಕ್ಕೆ ಬಂದ್‌ಬಿಟ್ಟೈತೆ, ಮೂರಕ್ಕೆ ಹಾಕ್ಲಾ?" ಎಂದು ಕೇಳಿದಳು.

"ಬ್ಯಾಡಮ್ಮ, ನಾನೇ ಇಳ್ಸಿದೀನಿ" ಎಂದ ಅಪ್ಪ, ಬುಟ್ಟಿಯಲ್ಲಿ ಬುತ್ತಿ ಇಡುತ್ತಾ. "ಗಾಳಿ ನಿಂತೈತಲ್ಲ. ಮಿಣಿ ಒಂಚೂರು ಈಚೆ ಕಟ್ಟಿದೀನಿ."

ಬಾಗಿದ ಕಂಬಿ ದಾಟಿ ಕೂತು ಹೊರಟ. ಬೇಲಿಯವರೆಗೂ ನಾವಿಬ್ಬರೂ ನೋಡುತ್ತಾ ನಿಂತೆವು. ಎಡಗಾಲು ಇಳಿಯಿತು, ಬಲಗಾಲು ಇಳಿಯಿತು, ಎಡಗಾಲು ಇಳಿಯಿತು.